ಐವತ್ತೆರಡಕ್ಕೆ ನಿಲ್ಲತಕ್ಕದ್ದು

2025ರ ನವೆಂಬರಿನಲ್ಲಿ ಕರ್ನಾಟಕ ಸರ್ಕಾರ ಒಂದು ಆದೇಶ ಹೊರಡಿಸಿತು. ದುಡಿಯುವ ಹೆಂಗಸರಿಗೆ ಮುಟ್ಟಿನ ರಜೆ. ತಿಂಗಳಿಗೊಂದು, ವರ್ಷಕ್ಕೆ 12. ಸಂಬಳ ಕತ್ತರಿಸುವಂತಿಲ್ಲ, ಡಾಕ್ಟರ ಚೀಟಿ ಕೇಳುವಂತಿಲ್ಲ. ಒಳ್ಳೆಯ ಆದೇಶ. ಪೇಪರು ಹಿಡಿದಲ್ಲೇ ಕೈಮುಗಿದೆ. ಆಮೇಲೆ ಕನ್ನಡಕ ಏರಿಸಿಕೊಂಡು ಇನ್ನೊಮ್ಮೆ ಓದಿದರೆ, ಈ ಸೌಲಭ್ಯ 18ರಿಂದ 52 ವರ್ಷದವರಿಗೆ ಎಂದಿತ್ತು.

ಅಲ್ಲಿಗೆ ನನ್ನ ಅಂಡಾಶಯದ ನಿವೃತ್ತಿ ವಯಸ್ಸು ವಿಧಾನಸೌಧದಲ್ಲಿ ನಿಗದಿಯಾಯಿತು. ಐವತ್ತೆರಡಕ್ಕೆ ನಿಲ್ಲತಕ್ಕದ್ದು. ಸಹಿ, ಮೊಹರು.

ಅದೇ ಆದೇಶದಲ್ಲಿ ಇನ್ನೊಂದು ಷರತ್ತಿದೆ. ಈ ತಿಂಗಳ ರಜೆಯನ್ನು ಮುಂದಿನ ತಿಂಗಳಿಗೆ ಉಳಿಸಿಕೊಳ್ಳುವಂತಿಲ್ಲ. ಆಗಲಿ, ರಜೆ ಉಳಿಸಿಕೊಳ್ಳುವುದಿಲ್ಲ. ಆದರೆ ನನ್ನ ಮುಟ್ಟೇ ಮೂರು ತಿಂಗಳು ಬಾಕಿ ಉಳಿಸಿಕೊಂಡು ನಾಲ್ಕನೇ ತಿಂಗಳು ಬಡ್ಡಿ ಸಮೇತ ತೀರಿಸುತ್ತಿದೆಯಲ್ಲ, ಅದಕ್ಕೆ ಯಾವ ಇಲಾಖೆಗೆ ಅರ್ಜಿ ಹಾಕಲಿ?

ಸರ್ಕಾರವೊಂದನ್ನೇ ಅಂದು ಪ್ರಯೋಜನವಿಲ್ಲ. ಹೆಂಗಸಿನ ಮುಟ್ಟು ಯಾವಾಗ ನಿಲ್ಲಬೇಕು ಎಂಬ ಬಗ್ಗೆ ಈ ದೇಶದ ದೊಡ್ಡವರಲ್ಲೇ ಒಮ್ಮತವಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮನೆಮನೆಗೆ ಬಂದು ಮಾತಾಡಿಸುವುದು 15ರಿಂದ 49 ವರ್ಷದ ಹೆಂಗಸರನ್ನು. 50 ಆದವಳು ಬಾಗಿಲು ತೆರೆದರೆ, 'ಮನೇಲಿ ಇನ್ಯಾರಿದಾರೆ ಅಮ್ಮಾ?' ಅದೇ ಸಮೀಕ್ಷೆ ಗಂಡಸನ್ನು 54ರವರೆಗೂ ಮಾತಾಡಿಸುತ್ತದೆ. ಪ್ರನಾಳ ಶಿಶು ಮುಂತಾದ ಚಿಕಿತ್ಸೆಗಳಿಗೆ 2021ರಲ್ಲಿ ಬಂದ ಕಾನೂನು ಹೆಂಗಸಿಗೆ 50ರ ಗಡಿ ಹಾಕಿ ಗಂಡಸಿಗೆ 55ರವರೆಗೆ ಅವಕಾಶ ಕೊಟ್ಟಿದೆ. ಎರಡು ಕಡೆಯೂ ಗಂಡಸಿಗೆ ಐದು ಗ್ರೇಸ್ ಮಾರ್ಕ್ಸ್. ಶಬರಿಮಲೆಯ ಸಂಪ್ರದಾಯ 10ರಿಂದ 50ರವರೆಗೆ ಬೇಡ ಎನ್ನುತ್ತಿತ್ತು. 2018ರಲ್ಲಿ ಸುಪ್ರೀಂ ಕೋರ್ಟ್ ಆ ನಿರ್ಬಂಧ ತೆಗೆಯಿತು, ಜಗಳ ಅಲ್ಲಿಗೇ ನಿಲ್ಲಲಿಲ್ಲ. ಇಷ್ಟೆಲ್ಲದರ ನಡುವೆ ಡಾಕ್ಟರುಗಳು ಮೆಲ್ಲಗೆ ಹೇಳುವುದೇನೆಂದರೆ, ಭಾರತದ ಹೆಂಗಸರಿಗೆ ಸರಾಸರಿ 46ರ ಆಸುಪಾಸಿನಲ್ಲೇ ಮುಟ್ಟು ನಿಲ್ಲುತ್ತದೆ.

46, 49, 50, 52. ಓಸಿ ಬರೆಯುವವನ ಕೈಗೆ ಕೊಟ್ಟರೆ ಯಾವುದಾದರೂ ಒಂದು ಹೊಡೆದೇ ಹೊಡೆಯುತ್ತದೆ.

ನನಗೆ 48. ಇರುವುದು ಗುಬ್ಬಿ, ತವರು ಕುಣಿಗಲ್, ಕಾಯಿಲೆ ಬಿದ್ದರೆ ತುಮಕೂರು. ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತೇನೆ. ಇನ್ನೊಂದು ವರ್ಷ ಕೇಂದ್ರ ಸರ್ಕಾರದ ಸಮೀಕ್ಷೆಗೆ ನಾನು ಹೆಂಗಸು, ಇನ್ನು ನಾಲ್ಕು ವರ್ಷ ರಾಜ್ಯ ಸರ್ಕಾರಕ್ಕೆ. ಆಮೇಲಿನದು ದೇವರಿಗೆ ಬಿಟ್ಟದ್ದು, ಅದೂ ಯಾವ ದೇವಸ್ಥಾನ ಎಂಬುದರ ಮೇಲೆ.

*

ಮುಟ್ಟು ನಿಲ್ಲುವ ಮೊದಲ ಸೂಚನೆ ಬಂದದ್ದು ಒಂಬತ್ತನೇ ತರಗತಿಗೆ ಪಾಠ ಹೇಳುವಾಗ, ಫ್ರಾನ್ಸಿನ ಕ್ರಾಂತಿಯ ನಡುವೆ. ಬ್ಯಾಸ್ಟಿಲ್ ಕೋಟೆಗೆ ಜನ ನುಗ್ಗುತ್ತಿದ್ದಾರೆ, ನನ್ನ ಎದೆಯಿಂದ ಕತ್ತಿಗೆ, ಕತ್ತಿನಿಂದ ಕೆನ್ನೆಗೆ ಒಲೆಯ ಝಳದಂಥದ್ದೊಂದು ನುಗ್ಗಿತು. ಎರಡು ನಿಮಿಷದಲ್ಲಿ ರವಿಕೆ ತೊಯ್ದು ತೊಪ್ಪೆ. ಮುಂದಿನ ಬೆಂಚಿನ ಹುಡುಗಿ, 'ಮಿಸ್, ಫ್ಯಾನ್ ಹಾಕ್ಲಾ?' ಅಂದಳು. ಫ್ಯಾನು ಓಡುತ್ತಲೇ ಇತ್ತು.

ರಾತ್ರಿಯದು ಬೇರೆ ಕಥೆ. ಡಿಸೆಂಬರಿನ ಗುಬ್ಬಿ. ಯಜಮಾನರು ಎರಡು ರಗ್ಗಿನೊಳಗೆ, ನಾನು ಫುಲ್ ಸ್ಪೀಡ್ ಫ್ಯಾನಿನ ಕೆಳಗೆ. ಇಪ್ಪತ್ತೈದು ವರ್ಷದ ದಾಂಪತ್ಯದಲ್ಲಿ ಅತ್ತೆ, ಆಸ್ತಿ, ಚಿನ್ನ ಯಾವುದಕ್ಕೂ ಆಗದ ಜಗಳ ಫ್ಯಾನಿನ ರೆಗ್ಯುಲೇಟರಿಗೆ ಆಯಿತು.

ಇದರ ಹಿಂದಿರುವುದು ಇಷ್ಟೇ ಅಂತೆ. ಮೈಯ ಕಾವು ಕಾಯುವ ಒಂದು ಕಾವಲುಗಾರ ಮಿದುಳಿನಲ್ಲಿ ಕೂತಿರುತ್ತಾನೆ, ಹೈಪೋಥಲಾಮಸ್ ಎಂಬ ಜಾಗದಲ್ಲಿ. ಈಸ್ಟ್ರೊಜೆನ್ ಏರಿಳಿಯತೊಡಗಿದರೆ ಅವನಿಗೆ ಪಿತ್ತ ನೆತ್ತಿಗೇರುತ್ತದೆ. ಮೈ ಕಾವು ಒಂದು ಕೂದಲೆಳೆ ಹೆಚ್ಚಾದರೂ ಊರಿಗೇ ಬೆಂಕಿ ಬಿತ್ತೆಂದು ಗಂಟೆ ಬಾರಿಸುತ್ತಾನೆ. ರಕ್ತವೆಲ್ಲ ಚರ್ಮಕ್ಕೆ ಓಡಿ ಬರುತ್ತದೆ, ಬೆವರು ಸುರಿಯುತ್ತದೆ, ಆಮೇಲೆ ನಡುಕ. ಕಾಯಿಲೆಯಲ್ಲ, ಕಲ್ಪನೆಯೂ ಅಲ್ಲ, ವೋಲ್ಟೇಜ್ ಏರಿಳಿತ. ಇಷ್ಟನ್ನು ಯಾರಾದರೂ ಮೊದಲ ವಾರವೇ ಹೇಳಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಆದರೆ ನನಗೆ ಮೊದಲು ಸಿಕ್ಕವರು ಡಾಕ್ಟರುಗಳಲ್ಲ, ಬಂಧುಗಳು.

ಓರಗಿತ್ತಿ ಅಂದಳು, 'ಉಷ್ಣ ಕಣಕ್ಕಾ, ಮೆಂತ್ಯ ನೆನೆಹಾಕಿ ಕುಡೀರಿ.' ಪಕ್ಕದ ಮನೆಯವರು ದೃಷ್ಟಿ ತೆಗೆದರು. ಯಜಮಾನರು, 'ಬಿ.ಪಿ. ನೋಡಿಸು' ಅಂದರು. ಹೆಂಡತಿ ದನಿ ಎತ್ತಿದರೆ ಅದು ಬಿ.ಪಿ. ಎಂಬುದು ಅವರ ಬಹುಕಾಲದ ಸಂಶೋಧನೆ. ಕುಣಿಗಲ್ಲಿನಿಂದ ಅಮ್ಮ ಫೋನಿನಲ್ಲಿ, 'ಅಯ್ಯೋ, ಅದೂ ಒಂದ್ ಕಾಯ್ಲೆನಾ ಮಗ? ನಾವು ರಾಗಿ ಬೀಸ್ತಿದ್ವಿ, ಬೆವ್ರು ಬರೋದು. ಅದು ಯಾತರ ಬೆವ್ರು ಅಂತ ಯಾರ್ ನೋಡೋರು?'

ಮುಟ್ಟು ಮೊದಲ ಸಲ ಬಂದಾಗ ಏನು ವೈಭವ! ಆರತಿ, ಹೊಸ ಲಂಗ, ಚಿಗಳಿ, ತಂಬಿಟ್ಟು, ಕೊಬ್ಬರಿ ಬೆಲ್ಲ. ತಿಪಟೂರಿನಿಂದ ಸೋದರಮಾವ ಕೊಬ್ಬರಿ ಮೂಟೆಯನ್ನೇ ಹೊತ್ತು ತಂದಿದ್ದರು. ಹೋಗುವಾಗ ಒಂದು ಲೋಟ ಮಜ್ಜಿಗೆಗೂ ಗತಿಯಿಲ್ಲ. ಇಪ್ಪತ್ತೆರಡರಲ್ಲಿ 'ಮುಟ್ಟು ನಿಂತಿದೆ' ಅಂದರೆ ಬೀದಿಗೆಲ್ಲ ಸಕ್ಕರೆ ಹಂಚುತ್ತಿದ್ದರು. ನಲವತ್ತೆಂಟರಲ್ಲಿ ಅದೇ ಮಾತು ಹೇಳಿದರೆ 'ಶ್ಶ್, ಮೆಲ್ಲಗೆ' ಅನ್ನುತ್ತಾರೆ. ಪಠ್ಯಪುಸ್ತಕದವರು ಇದಕ್ಕೆ 'ಋತುಬಂಧ' ಎಂದು ಹೆಸರಿಟ್ಟಿದ್ದಾರೆ. ಕೇಳಿದರೆ ಯಾವುದೋ ಸಂಘಟನೆ ಕರೆಕೊಟ್ಟ ಬಂದ್ ಇದ್ದಂತಿದೆ. ಬಸ್ಸು ಓಡುತ್ತೋ ಇಲ್ಲವೋ ಎಂದು ಕೇಳಬೇಕೆನಿಸುತ್ತದೆ.

ಗುಬ್ಬಿಯವರಾದ ನಮಗೆ ಈ ಸಂಕೋಚ ಶೋಭಿಸುವುದಿಲ್ಲ. 1884ರಲ್ಲಿ ನಾಟಕ ಕಂಪನಿ ಕಟ್ಟಿದ ಊರು ಇದು. ಗುಬ್ಬಿ ವೀರಣ್ಣನವರ ಕಾಲದಲ್ಲಿ 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ನಿಜವಾದ ಕುದುರೆಗಳನ್ನೇ ರಂಗಕ್ಕೆ ತಂದ ಊರು. ಆನೆಯನ್ನು ರಂಗಕ್ಕೆ ಏರಿಸಿದವರಿಗೆ 'ಮುಟ್ಟು' ಎಂಬ ಎರಡಕ್ಷರವನ್ನು ನಡುಮನೆಗೆ ತರಲು ಇನ್ನೂ ಆಗಿಲ್ಲ.

*

ನಡುಮನೆ ಅಂದಾಗ ನೆನಪಾಯಿತು. ನಮ್ಮನೆ ಗೋಡೆಯ ಮೇಲೊಂದು ಕ್ಯಾಲೆಂಡರು ಇದೆ, ಎಲ್ಲರ ಮನೆಯಲ್ಲೂ ಇರುವಂಥದ್ದೇ. ಗ್ಯಾಸು ಬಂದ ದಿನ 'ಗ್ಯಾ'. ಹಾಲು ತಪ್ಪಿದ ದಿನ ಒಂದು ಸಣ್ಣ ಗೆರೆ. ನನ್ನದು ಒಂದು ಚುಕ್ಕೆ, ಯಾರಿಗೂ ಕಾಣದಂತೆ ಅಂಕಿಯ ಮೂಲೆಯಲ್ಲಿ. ತಿಂಗಳ ಕೊನೆಗೆ ಹಾಲಿನ ಲೆಕ್ಕ ಮಾಡುವವರು ಯಜಮಾನರು. ಅವರ ಕಣ್ಣು ಸೂಕ್ಷ್ಮ. ಚುಕ್ಕೆಯನ್ನೂ ಅವರು ಗೆರೆಯ ತಮ್ಮನೆಂದೇ ತಿಳಿದಿದ್ದರಂತೆ.

ಇದು ಹೊರಬಿದ್ದದ್ದು ಒಂದು ತಿಂಗಳು ಹನ್ನೊಂದು ಚುಕ್ಕೆ ಬಿದ್ದಾಗ. ಹಾಲಿನವರು ಲೋಟ ಕೆಳಗಿಟ್ಟು ದಾವೆ ಹೂಡಿದರು. 'ಅಕ್ಕಾ, ತಿಂಗಳಿಗೆ ಮೂರೋ ನಾಲ್ಕೋ ದಿನದ್ದು ಹಿಡ್ಕೊತಿದ್ರು, ದೊಡ್ಡೋರು ಅಂತ ಸುಮ್ಕಿದ್ದೆ. ಹನ್ನೊಂದು ಅಂದ್ರೆ ಯಾವ ನ್ಯಾಯ?'

ನನ್ನ ಹಾರ್ಮೋನು ಕೆಟ್ಟಿದ್ದರಿಂದ ಗುಬ್ಬಿಯಲ್ಲಿ ಮೊದಲು ಬೀದಿಗೆ ಬಿದ್ದವರು ಆ ಹಾಲಿನವರು. ಡಾಕ್ಟರ ಹತ್ತಿರ ಹೋಗಲೇಬೇಕೆಂದು ತೀರ್ಮಾನವಾದದ್ದೂ ಅವತ್ತೇ. ನನ್ನ ರಕ್ತ ಹೋಗುತ್ತಿದೆ ಎಂಬುದಕ್ಕಿಂತ ಲೆಕ್ಕ ತಪ್ಪಿದೆ ಎಂಬುದು ಮನೆಯಲ್ಲಿ ಬೇಗ ಅರ್ಥವಾಯಿತು.

ಡಾಕ್ಟರು ಅಂದರೆ ಯಾವ ಡಾಕ್ಟರು? ನಮ್ಮ ಭಾಗದಲ್ಲಿ ಮೈಯನ್ನು ಬೋರ್ಡುಗಳ ಪ್ರಕಾರ ಭಾಗ ಮಾಡಿದ್ದಾರೆ. ಹೆಂಗಸು ಇಡಿಯಾಗಿ ಹೋಗುವಂತಿಲ್ಲ, ಬಿಡಿಬಿಡಿಯಾಗಿ ಹೋಗಬೇಕು.

ಮೊದಲು ಊರಿನ ಡಾಕ್ಟರು. 'ಗ್ಯಾಸ್ಟ್ರಿಕ್' ಅಂದರು. ಇದು ನಮ್ಮ ರಾಷ್ಟ್ರೀಯ ರೋಗ. ಪ್ರೇಮವಿರಹಕ್ಕೂ ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ ಇದೆ. ಎದೆ ಡವಡವ ನಿಲ್ಲಲಿಲ್ಲ. ತುಮಕೂರಿಗೆ ಹೋಗಿ ಹೃದಯದ ಬೋರ್ಡಿನ ಕೆಳಗೆ ಕೂತೆ. ಇ.ಸಿ.ಜಿ., ಎಕೋ. 'ಹಾರ್ಟು ಫಸ್ಟ್ ಕ್ಲಾಸ್ ಆಗಿದೆ ಮೇಡಂ' ಎಂದು ಅವರು ಖುಷಿಪಟ್ಟರು. ನನಗೂ ಖುಷಿಯಾಯಿತು, ಡವಡವ ಮಾತ್ರ ಬಸ್ಸಿನಲ್ಲಿ ನನ್ನ ಜೊತೆಯೇ ವಾಪಸ್ಸು ಬಂತು. ಕೀಲು ನೋವಿಗೆ ಮೂಳೆಯ ಬೋರ್ಡು. 'ತೂಕ ಇಳಿಸಿ.' ಉದುರುವ ಕೂದಲಿಗೆ ಚರ್ಮದ ಬೋರ್ಡು. ಒಂದು ಶಾಂಪೂ. ನಿದ್ದೆಯಿಲ್ಲ, ಸುಮ್ಮಸುಮ್ಮನೆ ಅಳು ಅಂದಾಗ ಇನ್ನೊಬ್ಬರು ಕನ್ನಡಕದ ಮೇಲಿಂದ ನೋಡಿ, 'ಮನೇಲಿ ಏನಾದ್ರೂ ಪ್ರಾಬ್ಲಮ್ಮಾ?' ಅಂದರು. ಪ್ರಾಬ್ಲಮ್ಮು ಪಕ್ಕದ ಕುರ್ಚಿಯಲ್ಲೇ ಕೂತು ಮೊಬೈಲು ನೋಡುತ್ತಿತ್ತು.

ಮೂತ್ರದ ಉರಿಯಿತ್ತು, ಒಣಗಿದಂತಾಗುವ ನೋವಿತ್ತು. ಅದನ್ನು ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ಇಬ್ಬರೂ ಮಾನವಂತರು.

ಆಮೇಲೆ ಲ್ಯಾಬು. 'ಮಹಿಳಾ ಸಂಪೂರ್ಣ ಪ್ಯಾಕೇಜ್' ಅಂತೆ. ಗೃಹಲಕ್ಷ್ಮಿಯ 2000 ರೂಪಾಯಿ ಬಾಗಿಲಲ್ಲೇ ಕರಗಿತು, ಮೇಲೆ ಕೈಯಿಂದ ಕೊಟ್ಟೆ. ಥೈರಾಯ್ಡ್ ನೋಡಿದ್ದು ಸರಿಯೇ. ಅದರ ಲಕ್ಷಣಗಳೂ ಋತುಬಂಧದ ಲಕ್ಷಣಗಳೂ ಅವಳಿ ಜವಳಿ. ಆದರೆ ಎಫ್.ಎಸ್.ಎಚ್. ಎಂಬ ಹಾರ್ಮೋನನ್ನು ಎರಡೆರಡು ಸಲ ಅಳೆದರು. 45 ದಾಟಿದ ಹೆಂಗಸಿನಲ್ಲಿ ಇದನ್ನು ಗುರುತಿಸಲು ಆ ಪರೀಕ್ಷೆ ಬೇಡ, ಲಕ್ಷಣ ಕೇಳಿದರೆ ಸಾಕು ಎಂದು ಬ್ರಿಟನ್ನಿನ ನೈಸ್ ಸಂಸ್ಥೆ 2015ರಲ್ಲೇ ಬರೆದಿಟ್ಟಿದೆ. ಇಂದು ಏರಿ ನಾಳೆ ಇಳಿಯುವ ಅಂಕಿಯನ್ನು ಅಳೆದು ಏನು ಮಾಡುವುದು? ಆದರೆ ಕೇಳುವುದಕ್ಕೆ ಪ್ಯಾಕೇಜ್ ಇಲ್ಲ, ಅಳೆಯುವುದಕ್ಕೆ ಇದೆ. ಸೀರೆ ಅಂಗಡಿಯ ಕವರಿನಲ್ಲಿ ನನ್ನ ರಿಪೋರ್ಟುಗಳು ಸೀರೆಗಿಂತ ದಪ್ಪವಾದವು.

*

ಕೊನೆಗೆ 'ಹೆಂಗಸ್ರ ಡಾಕ್ಟ್ರ' ಬಾಗಿಲು. ಗೋಡೆ ತುಂಬ ಮಕ್ಕಳ ಪಟ. ಗುಂಡಗಿನ, ನಗುವ, ಬಿಳೀ ಬಿಳೀ ಮಕ್ಕಳು. ಬೆಂಚಿನ ತುಂಬ ಬಸುರಿಯರು. ನನ್ನ ಟೋಕನ್ 9, ಕರೆದದ್ದು ಇಪ್ಪತ್ತೊಂದನೆಯವಳಾಗಿ, ಬಸುರಿಯರು ಮೊದಲಲ್ಲವೇ. ನ್ಯಾಯವೇ. ಒಳಗೆ ನಡೆದ ಸಂಭಾಷಣೆಯನ್ನು ಒಂದಕ್ಷರ ಬಿಡದೆ ಬರೆಯಬಲ್ಲೆ, ಅಷ್ಟು ಚಿಕ್ಕದು.

'ಮಕ್ಕಳೆಷ್ಟು?'

'ಎರಡು.'

'ಆಪರೇಷನ್ ಆಗಿದೆಯಾ?'

'ಆಗಿದೆ.'

'ಮತ್ತೆ ಗರ್ಭಕೋಶ ಇಟ್ಕೊಂಡು ಏನ್ ಮಾಡ್ತೀರಿ? ತೆಗೆಸಿಬಿಡಿ. ಒಂದೇ ಸಲ ನೆಮ್ಮದಿ.'

ಅಟ್ಟದ ಮೇಲಿನ ತೂತು ಕೊಪ್ಪರಿಗೆಯನ್ನು ಗುಜರಿಗೆ ಹಾಕಿ ಅಂದಷ್ಟು ಸಲೀಸು. ಮಗಳು ಹಾಸ್ಟೆಲಿನಲ್ಲಿದ್ದಾಳೆ, ಮಗ ಬೆಂಗಳೂರಿನಲ್ಲಿದ್ದಾನೆ, ಹಾಗಂತ ಅವರ ರೂಮು ಒಡೆದು ಹಾಕಿದ್ದೇವೆಯೇ ಎಂದು ಕೇಳಬೇಕೆನ್ನುವಷ್ಟರಲ್ಲಿ ಮುಂದಿನ ಟೋಕನ್ ಒಳಗೆ ಬಂದಿತ್ತು.

ತೆಗೆಯಲೇಬೇಕಾದ ಸಂದರ್ಭಗಳಿವೆ. ಗಡ್ಡೆ, ಕ್ಯಾನ್ಸರು, ಬೇರೆ ಯಾವುದಕ್ಕೂ ಬಗ್ಗದ ರಕ್ತಸ್ರಾವ. ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ನನಗೆ ಗಡ್ಡೆ ಇದೆಯೋ ಇಲ್ಲವೋ ಎಂದು ಇನ್ನೂ ಯಾರೂ ನೋಡಿರಲಿಲ್ಲ. ನೋಡಿದ್ದು ಮಕ್ಕಳ ಲೆಕ್ಕವನ್ನು. ಇದೇ ಲೆಕ್ಕ ನಮ್ಮ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಎಲ್ಲಿಗೆ ಹೋಯಿತೆಂದು 2015ರಲ್ಲಿ ನಾಡು ಓದಿತು. ಬಿಳಿ ಸೆರಗು, ಸೊಂಟನೋವು ಎಂದು ಹೋದ ಲಂಬಾಣಿ, ದಲಿತ ಹೆಣ್ಣುಮಕ್ಕಳಿಗೆ 'ಕ್ಯಾನ್ಸರ್ ಆಗುತ್ತೆ' ಎಂದು ಹೆದರಿಸಿ ಗರ್ಭಕೋಶ ತೆಗೆದಿದ್ದರು. ಅವರಲ್ಲಿ ಎಷ್ಟೋ ಜನ ನಲವತ್ತೂ ಮುಟ್ಟದವರು. ಕರ್ನಾಟಕ ಜನಾರೋಗ್ಯ ಚಳವಳಿಯವರು ಬೀದಿಗಿಳಿದ ಮೇಲೆಯೇ ಅದು ದೊಡ್ಡ ಸುದ್ದಿಯಾದದ್ದು. ಬಿಹಾರ, ಛತ್ತೀಸಗಢ, ರಾಜಸ್ಥಾನಗಳ ಇಂಥದ್ದೇ ಪ್ರಕರಣಗಳನ್ನು ಹಿಡಿದು 2013ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಡಾ. ನರೇಂದ್ರ ಗುಪ್ತಾ ಅವರ ಅರ್ಜಿ ಇತ್ಯರ್ಥವಾದದ್ದು 2023ರ ಏಪ್ರಿಲ್ 5ರಂದು. ಅನಗತ್ಯ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಹೊರಡಿಸಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿ ಮಾಡಬೇಕು ಎಂದಿತು ಕೋರ್ಟು. ತೆಗೆಯಲು ಒಂದೆರಡು ಗಂಟೆ ಸಾಕು. ತೆಗೆಯಬೇಡಿ ಎನ್ನಲು ಹತ್ತು ವರ್ಷ ಬೇಕಾಯಿತು.

'ಒಂದೇ ಸಲ ನೆಮ್ಮದಿ' ಎಂಬುದರ ಅರ್ಥ ನನಗೆ ಗೊತ್ತಾದದ್ದು ಅಮ್ಮನಿಂದ. ನಲವತ್ತೆರಡರಲ್ಲಿ ಅವಳ ಕೋಶ ತೆಗೆದರು. ಜೊತೆಗೆ ಅಂಡಾಶಯವನ್ನೂ ತೆಗೆದರೆಂದು ಅವಳಿಗೆ ಯಾರೂ ಹೇಳಿರಲಿಲ್ಲ, ಚೀಟಿಯಲ್ಲಿ ಇಂಗ್ಲಿಷಿನಲ್ಲಿತ್ತು. ಅಂಡಾಶಯ ಹೋದರೆ ಐದಾರು ವರ್ಷದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕಾದ ಹಾರ್ಮೋನು ಒಂದೇ ರಾತ್ರಿಗೆ ಬಾವಿಗೆ ಬೀಳುತ್ತದೆ. ಬೇಗ ಬಿದ್ದಷ್ಟೂ ಮೂಳೆ ಬೇಗ ಟೊಳ್ಳು. ಅರವತ್ತೆಂಟರಲ್ಲಿ ಅಮ್ಮ ಬಚ್ಚಲಲ್ಲಿ ಜಾರಲಿಲ್ಲ, ಬೀಳಲಿಲ್ಲ. ಬಿಂದಿಗೆ ಎತ್ತಿದಳು ಅಷ್ಟೆ, ಮುಂಗೈ ಲಟಕ್ಕೆಂದಿತು. 'ಅವತ್ತು ಡಾಕ್ಟ್ರು ಏನಂದಿದ್ರಮ್ಮಾ?' ಎಂದು ಕೇಳಿದೆ. 'ಇನ್ಮ್ಯಾಕೆ ನಿಂಗೇನೂ ತೊಂದ್ರೆ ಇಲ್ಲ ಹೋಗವ್ವ, ಅಂದ್ರು.'

*

ಕುಣಿಗಲ್ಲಿನಲ್ಲಿ ಹೆಣ್ಣಾಗಿ ಹುಟ್ಟುವುದಾದರೆ ಕುದುರೆಯಾಗಿ ಹುಟ್ಟಬೇಕು. ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ನೆಲ ಅದು. ಅಲ್ಲಿನ ಸ್ಟಡ್ ಫಾರ್ಮಿನ ರೇಸ್ ಕುದುರೆಗಳು ದೇಶದ ತುಂಬ ಹೆಸರುವಾಸಿ. ಇಂಥ ಕಡೆ ಹೆಣ್ಣು ಕುದುರೆ ಬೆದೆಗೆ ಬಂದದ್ದು ಯಾವ ದಿನ, ಗಬ್ಬವಾದದ್ದು ಯಾವ ದಿನ, ಈದದ್ದು ಯಾವ ದಿನ, ಎಲ್ಲಕ್ಕೂ ರಿಜಿಸ್ಟರು ಉಂಟು. ತಪ್ಪಿಯೂ ಅದನ್ನು ಹಾಲಿನ ಲೆಕ್ಕಕ್ಕೆ ಸೇರಿಸುವುದಿಲ್ಲ.

ಕುದುರೆಗೂ ನನಗೂ ಇನ್ನೂ ಹತ್ತಿರದ ನಂಟಿದೆ. ಮುಟ್ಟು ನಿಂತ ಹೆಂಗಸರಿಗೆ ಅಮೆರಿಕದಲ್ಲಿ 1942ರಿಂದ ಮಾರಾಟವಾದ ಜಗತ್ಪ್ರಸಿದ್ಧ ಮಾತ್ರೆಯ ಹೆಸರು ಪ್ರೆಮರಿನ್. ಹೆಸರನ್ನು ಬಿಡಿಸಿದರೆ ಪ್ರೆಗ್ನೆಂಟ್ ಮೇರ್ಸ್ ಯೂರಿನ್, ಗಬ್ಬದ ಕುದುರೆಯ ಗಂಜಲ. ಅದರಿಂದಲೇ ಈಸ್ಟ್ರೊಜೆನ್ ತೆಗೆಯುತ್ತಿದ್ದರು. ಈಗ ನಮ್ಮ ಅಂಡಾಶಯದ್ದಕ್ಕೇ ಸಮನಾದ ಹಾರ್ಮೋನಿನ ಮಾತ್ರೆ, ಜೆಲ್, ಪಟ್ಟಿಗಳೆಲ್ಲ ಬಂದಿವೆ, ಆ ಮಾತು ಬೇರೆ. ಅಮ್ಮನಿಗೆ ಇದನ್ನು ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಮ್ ಊರ್ ತುಂಬಾ ಅದೇ ಹರೀತಿತ್ತಲ್ಲ ಮಗ, ಒಬ್ರಾದ್ರೂ ಹೇಳ್ಬಾರ್ದಿತ್ತಾ?' ಅಂದಳು.

ಹೇಳುವವರು ಹೆದರಿದ್ದರು. ಹೆದರಿಕೆ ಶುರುವಾದದ್ದು 2002ರ ಜುಲೈಯಲ್ಲಿ. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಎಂಬ ದೊಡ್ಡ ಅಧ್ಯಯನದಲ್ಲಿ ಈ ಮಾತ್ರೆಯನ್ನು ಇನ್ನೊಂದು ಹಾರ್ಮೋನಿನ ಜೊತೆ ನುಂಗಿದವರಲ್ಲಿ ಸ್ತನದ ಕ್ಯಾನ್ಸರು ಹೆಚ್ಚೆಂದು ಕಂಡು, ಅದನ್ನು ನಡುವೆಯೇ ನಿಲ್ಲಿಸಿದರು. ಹೆಚ್ಚು ಅಂದರೆ ಎಷ್ಟು? ವರ್ಷಕ್ಕೆ 10,000 ಹೆಂಗಸರಲ್ಲಿ 30 ಇದ್ದದ್ದು 38. ಎಂಟು ಎಂಟೇ, ತಳ್ಳಿಹಾಕುವ ಸಂಖ್ಯೆಯಲ್ಲ. ಆದರೆ ಅಲ್ಲಿದ್ದವರ ಸರಾಸರಿ ವಯಸ್ಸು 63. ಅರವತ್ತಮೂರರವರ ಮೇಲೆ ನೋಡಿದ್ದನ್ನು ನಲವತ್ತೆಂಟರವರಿಗೂ ಹೊಲಿದು ಹಾಕಿದರು. ಆಮೇಲೆ ಲೆಕ್ಕ ಮತ್ತೆ ಬಿಡಿಸಿ ನೋಡಿ, 60ರೊಳಗಿನ ಅಥವಾ ಮುಟ್ಟು ನಿಂತು ಹತ್ತು ವರ್ಷ ಕಳೆಯದ, ಬೇರೆ ಅಡ್ಡಿಯಿಲ್ಲದ, ಲಕ್ಷಣಗಳಿಂದ ಬಳಲುವ ಹೆಂಗಸಿಗೆ ಅಪಾಯಕ್ಕಿಂತ ಲಾಭವೇ ಹೆಚ್ಚೆಂದು ತಜ್ಞರ ಸಂಘಗಳು ಹೇಳಿದವು. ಸ್ತನದ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇರುವವರಿಗೆ ಬೇಡ. ಗರ್ಭಕೋಶ ಇರುವವಳಿಗೆ ಈಸ್ಟ್ರೊಜೆನ್ ಒಂದೇ ಕೊಡುವಂತಿಲ್ಲ, ಪ್ರೊಜೆಸ್ಟರೋನ್ ಜೊತೆಗಿರಬೇಕು. ಹಾರ್ಮೋನು ಬೇಡವೆಂದರೆ ಬೇರೆ ಮಾತ್ರೆಗಳೂ ಇವೆ. ಇಷ್ಟು ಬಿಡಿಸಿ ಹೇಳಲು ಹದಿನೈದು ನಿಮಿಷ ಬೇಕು. 'ಹಾರ್ಮೋನಾ? ಕ್ಯಾನ್ಸರ್!' ಎನ್ನಲು ಎರಡು ಸೆಕೆಂಡು ಸಾಕು. ಇಪ್ಪತ್ತೊಂದನೆಯವಳಾಗಿ ಒಳಗೆ ಹೋದವಳಿಗೆ ಯಾವುದು ಸಿಗುತ್ತದೆಂದು ನೀವೇ ಊಹಿಸಿ.

ಡಾಕ್ಟರು ಬಿಟ್ಟ ಜಾಗದಲ್ಲಿ ವ್ಯಾಪಾರಿ ಟೆಂಟು ಹಾಕಿದ್ದಾನೆ. ಓರಗಿತ್ತಿಯ ಮೊಬೈಲಿನಲ್ಲಿ 'ಹಾರ್ಮೋನ್ ಬ್ಯಾಲೆನ್ಸ್ ಲಡ್ಡು' ಬಂದಿದೆ. ಅಗಸೆ, ಎಳ್ಳು, ಬೆಲ್ಲ, ಒಂದು ಡಬ್ಬಿಗೆ ಒಂದು ಮೂಟೆ ರಾಗಿಯ ಬೆಲೆ. ಇದನ್ನೇ ಅಜ್ಜಿ ಪಂಚಮಿಗೆ ಪುಕ್ಕಟೆ ಕೊಡುತ್ತಿದ್ದಳು. ಅವಳಿಗೆ ಬ್ಯಾಲೆನ್ಸ್ ಎಂಬ ಪದ ಗೊತ್ತಿರಲಿಲ್ಲ ಅಷ್ಟೆ.

*

ಸರ್ಕಾರಕ್ಕೆ ಹೆಂಗಸಿನ ಮೇಲೆ ಪ್ರೀತಿ ಇಲ್ಲ ಎಂದವರ ನಾಲಿಗೆ ಬಿದ್ದು ಹೋಗಲಿ. ಮೈನೆರೆದಾಗ ಶುಚಿ ಪ್ಯಾಡು. ಬಸುರಿಯಾದಾಗ ತಾಯಿ ಕಾರ್ಡು. ಹೆರಲು ಹೋದರೆ ಜನನಿ ಸುರಕ್ಷಾ. 60ಕ್ಕೆ ವೃದ್ಧಾಪ್ಯ ವೇತನ. ನಡುವೆ 49ರಿಂದ 60ರವರೆಗೆ? ಪಾಂಡವರಿಗೆ ಅಜ್ಞಾತವಾಸ ಒಂದೇ ವರ್ಷ, ನಮಗೆ ಹನ್ನೊಂದು. ಅವರಿಗಾದರೂ ವಿರಾಟನ ಅರಮನೆಯಲ್ಲಿ ಅಡಗಲು ಜಾಗವಿತ್ತು, ನಾವು ಅಡಗಿರುವುದು ನಮ್ಮದೇ ಅಡುಗೆಮನೆಯಲ್ಲಿ.

ಆಶಾ ಕಾರ್ಯಕರ್ತೆ ಬರುತ್ತಾಳೆ, ಸುಳ್ಳು ಹೇಳಬಾರದು. 30 ದಾಟಿದವರಿಗೆಲ್ಲ ಬಿ.ಪಿ., ಸಕ್ಕರೆ, ಕ್ಯಾನ್ಸರಿನ ಪ್ರಶ್ನೆ ಕೇಳುವ ಫಾರಂ ಅವಳ ಕೈಯಲ್ಲಿದೆ. 'ಮುಟ್ಟು ನಿಂತ ಮೇಲೆ ರಕ್ತ ಹೋಯಿತೇ?' ಎಂಬ ಪ್ರಶ್ನೆ ಅದರಲ್ಲಿದೆ. ಅದು ಪ್ರಾಣ ಉಳಿಸುವ ಪ್ರಶ್ನೆ, ಹೋಗಿದ್ದರೆ ಅದೇ ವಾರ ತೋರಿಸಬೇಕು. 'ನಿಲ್ಲುವಾಗ ಹೇಗಿದ್ದೀಯವ್ವ?' ಎಂಬುದಕ್ಕೆ ಮಾತ್ರ ಫಾರಮಿನಲ್ಲಿ ಜಾಗವಿಲ್ಲ. ಪಾಪ, ಆ ಆಶಾಳಿಗೂ ನಲವತ್ತೇಳು. ನಮ್ಮ ಜಗಲಿಯಲ್ಲಿ ಕೂತು ನನ್ನ ಫಾರಮ್ಮು ತುಂಬುತ್ತ ಅದೇ ಫಾರಮಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು.

ಹತ್ತು ತಾಲ್ಲೂಕಿನ ಜಿಲ್ಲೆ ನಮ್ಮದು. 2011ರ ಜನಗಣತಿಯಲ್ಲೇ 26 ಲಕ್ಷ ದಾಟಿದ ಜನ, ಅರ್ಧ ಹೆಂಗಸರು. ಪಾವಗಡದಿಂದ ತುಮಕೂರಿಗೆ ಬರುವಷ್ಟರಲ್ಲಿ ಝಳ ಹತ್ತು ಸಲ ಬಂದು ಹೋಗುತ್ತದೆ. ನಮ್ಮ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಪ್ರಧಾನಿಯೇ ಬಂದು ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟಿಸಿದರು. ಗುಬ್ಬಿಯಿಂದ ಹೆಲಿಕಾಪ್ಟರ್ ಹಾರುತ್ತದೆ, ಸಂತೋಷ. ಗುಬ್ಬಿಯ ಹೆಂಗಸು ಬಸ್ಸಿನಲ್ಲೇ ಹೋಗುತ್ತಾಳೆ. 2023ರ ಜೂನ್ 11ರಿಂದ ಆ ಬಸ್ಸು ಪುಕ್ಕಟೆ. ಶಕ್ತಿ ಯೋಜನೆಯ ಕಂಡಕ್ಟರು ಆಧಾರ್ ನೋಡುತ್ತಾರೆ, ಶೂನ್ಯ ದರದ ಟಿಕೆಟ್ಟು ಹರಿದು ಕೊಡುತ್ತಾರೆ. ಮಕ್ಕಳೆಷ್ಟು, ಆಪರೇಷನ್ ಆಗಿದೆಯೇ, 52 ದಾಟಿತೇ, ಒಂದನ್ನೂ ಕೇಳುವುದಿಲ್ಲ. ಕೋಶದ ವಿಚಾರಣೆ ಮಾಡದೆ ನನ್ನನ್ನು ಹೆಂಗಸೆಂದು ಒಪ್ಪಿಕೊಂಡವರು ಅವರೇ. ಎಲ್ಲಿಗೆ ಬೇಕಾದರೂ ಹೋಗಬಹುದು. ಯಾರ ಹತ್ತಿರ ಹೋಗಬೇಕು ಎಂಬುದನ್ನು ಮಾತ್ರ ಟಿಕೆಟ್ಟಿನ ಹಿಂದೆ ಅಚ್ಚು ಹಾಕಿಲ್ಲ.

*

ಕೊನೆಗೆ ನನ್ನ ಮಾತು ಕೇಳಿದವಳು ದೊಡ್ಡ ಬೋರ್ಡಿನವಳಲ್ಲ. ಮೆಡಿಕಲ್ ಕಾಲೇಜೊಂದರ ಆಸ್ಪತ್ರೆಯಲ್ಲಿ, ಕೇಸ್ ಶೀಟ್ ತುಂಬಲೇಬೇಕಿದ್ದ ಒಬ್ಬ ಪಿ.ಜಿ. ಹುಡುಗಿ. ಅರ್ಧ ತುಂಬಿದರೆ ಅವಳ ಪ್ರೊಫೆಸರು ಬೈಯುತ್ತಾರೆ. ಆ ಭಯದಿಂದ ಅವಳು ಎಲ್ಲವನ್ನೂ ಕೇಳಿದಳು. 'ರಾತ್ರಿ ಎಷ್ಟು ಸಲ ಎಚ್ಚರ ಆಗುತ್ತೆ ಆಂಟಿ? ಬೆವರು ಎಲ್ಲಿಂದ ಶುರುವಾಗುತ್ತೆ? ಉರಿ ಇದೆಯಾ? ಮಲಗಿದಾಗ ನೋವಾ, ಸೇರಿದಾಗ ನೋವಾ?' ಈ ಕೊನೆಯದನ್ನು ಕೇಳುವಾಗ ಅವಳ ಮುಖ ಕೆಂಪಾಯಿತು, ನನ್ನದು ಹೇಗೂ ಕೆಂಪಗೇ ಇತ್ತು. ಅಮ್ಮನ ಮುಂಗೈಯನ್ನೂ ಬರೆದುಕೊಂಡಳು. ಇಪ್ಪತ್ತು ನಿಮಿಷ. ಎರಡು ವರ್ಷದಲ್ಲಿ ನನ್ನನ್ನು ಯಾರೂ ಅಷ್ಟು ಹೊತ್ತು ಮಾತಾಡಿಸಿರಲಿಲ್ಲ, ಯಜಮಾನರೂ ಸೇರಿ.

ಆಮೇಲೆ ಪ್ರೊಫೆಸರಮ್ಮ ಬಂದರು, ಶೀಟು ಓದಿದರು, ಸ್ಕ್ಯಾನ್ ಮಾಡಿಸಿದರು. ಗಡ್ಡೆ ಇಲ್ಲ. ರಕ್ತ ಕಡಿಮೆ ಇತ್ತು, ಅದಕ್ಕೆ ಮಾತ್ರೆ. ಹಾರ್ಮೋನು ಕೊಡಬಹುದೇ ಎಂದು ನೋಡಲು ಎರಡು ಮೂರು ಪರೀಕ್ಷೆ, ಸ್ತನದ್ದೂ ಸೇರಿ. ಉರಿಗೆ ಒಂದು ಮುಲಾಮು. ಬಿಸಿಲಲ್ಲಿ ನಡೆಯಿರಿ, ಸ್ವಲ್ಪ ಭಾರ ಎತ್ತಿ ಅಂದರು. 'ಗರ್ಭಕೋಶ?' ಎಂದೆ. 'ಇರ್ಲಿ ಬಿಡಿ, ನಿಮಗೇನು ಬಾಡಿಗೆ ಕಟ್ಟಬೇಕಾ?'

ನಿಜ ಹೇಳಬೇಕಲ್ಲ, ಹೊರಗೆ ಬರುವಾಗ ನನಗೇ ಅನುಮಾನ. ಒಂದು ಡ್ರಿಪ್ ಹಾಕಲಿಲ್ಲ, ಒಂದು ಇಂಜೆಕ್ಷನ್ ಕೊಡಲಿಲ್ಲ, ಬರೀ ಮಾತಾಡಿ ಕಳಿಸಿದರು. ಇವರೆಂಥ ಡಾಕ್ಟರು? ಕೇಳುವವರು ಸಿಗುವುದಿಲ್ಲ ಎಂದು ಊರೆಲ್ಲ ಗೋಳಾಡಿ, ಸಿಕ್ಕಾಗ 'ಗ್ಲೂಕೋಸ್ ಏರಿಸಲಿಲ್ಲ' ಎಂದು ಕೊರಗುವ ಜನ ನಾವು. ಬೋರ್ಡಿನವರು ನಮ್ಮನ್ನು ನೋಡಿಯೇ ಬೋರ್ಡು ಬರೆಸಿರಬೇಕು.

ಹೊರಡುವಾಗ ಆ ಹುಡುಗಿ ಒಂದು ಮಾತು ಹೇಳಿದಳು. 'ಡೇಟ್ ಬರೆದಿಡಿ ಆಂಟಿ. ಹನ್ನೆರಡು ತಿಂಗಳು ಸತತ ಬರದೇ ಇದ್ದರೆ ಮಾತ್ರ ನಿಂತಿದೆ ಅಂತ ಲೆಕ್ಕ.'

ಮನೆಗೆ ಬಂದವಳೇ ಕೆಂಪು ಪೆನ್ನು ತೆಗೆದುಕೊಂಡೆ. ಚುಕ್ಕೆಗೆ ಬೀಳ್ಕೊಡುಗೆ. ಕ್ಯಾಲೆಂಡರಿನಲ್ಲಿ ಈಗ ದಪ್ಪಕ್ಷರದಲ್ಲಿ 'ಮುಟ್ಟು' ಎಂದೇ ಬರೆಯುತ್ತೇನೆ, 'ಗ್ಯಾ' ಪಕ್ಕದಲ್ಲಿ. ಬಂದ ನೆಂಟರು ತಿಥಿ ನೋಡಲು ಹೋಗಿ ಬೆಚ್ಚಿ ಕಿಟಕಿ ನೋಡುತ್ತಾರೆ. ಹಾಲಿನವರ ಹಳೇ ಬಾಕಿಯನ್ನು ಯಜಮಾನರು ಅಂದಾಜಿನ ಮೇಲೆ ತೀರಿಸಿದರು.

ಲೆಕ್ಕದ ಚಟ ಬಿಡಬೇಕಲ್ಲ. ಈಗ ಅವರೇ ತಿಂಗಳ ಕೊನೆಗೆ ಕ್ಯಾಲೆಂಡರಿನ ಮುಂದೆ ನಿಂತು ಖಾಲಿ ತಿಂಗಳು ಎಣಿಸುತ್ತಾರೆ. ಐದಾಯಿತು, ಆರಾಯಿತು, ಏಳಾಯಿತು. ಎಂಟನೇ ತಿಂಗಳು ಫಟ್ಟನೆ ಬಂತು. ಚೌಕಾಬಾರದಲ್ಲಿ ಹಣ್ಣಾಗಬೇಕಿದ್ದ ಕಾಯಿ ಕಡಿಸಿಕೊಂಡವರಂತೆ ಮುಖ ಮಾಡಿ, 'ಮತ್ತೆ ಒಂದರಿಂದಾ?' ಅಂದರು.

'ಒಂದರಿಂದ' ಅಂದೆ.

'ಸರ್ಕಾರ ಐವತ್ತೆರಡಕ್ಕೆ ಅಂದಿದೆಯಲ್ಲೇ?'

'ಸರ್ಕಾರ ಎಂದಾದರೂ ಹೇಳಿದ ದಿನಕ್ಕೆ ಮುಗಿಸಿದ್ದುಂಟಾ ರೀ?' ಎಂದು ಫ್ಯಾನು ಹಾಕಿದೆ. ಅವರು ರಗ್ಗು ತಂದರು.